ತುಂಬದೆ ಕೊಟ್ಟ ಚೀಲ

ತಬಿತಾಳಿಗೆ ಏನಾದರೂ ಕೊಡಬೇಕು.
ಶುಕ್ರವಾರ ಹೊರಡುತ್ತಾಳೆ,
ಈ ಸಲ ಬಲು ದೂರ, ಹಿಮ ಬೀಳುವ ಕಡೆ.

ನನ್ನ ಕುಶನ್ ಅಂಗಡಿಯ ಪಕ್ಕದ ಜೆರಾಕ್ಸಿನಲ್ಲಿ
ನೀಲಿ ಪರದೆ ಎಳೆದು
ಅರ್ಧ ಚಿಂತಾಮಣಿಯ ಪಾಸ್‌ಪೋರ್ಟ್ ಫೋಟೊ ತೆಗೆದವಳು.
"ಗದ್ದ ಸ್ವಲ್ಪ ಕೆಳಗೆ, ಹಾಂ, ಉಸಿರು ಹಿಡೀರಿ" ಅಂತ
ನನ್ನ ಲೈಸೆನ್ಸಿನ ಮುಖವನ್ನೂ
ಒಂದಿಷ್ಟು ಮನುಷ್ಯನ ಮುಖ ಮಾಡಿದವಳು.
ಈಗ ಹಕ್ಕಿ, ಜಿಂಕೆ, ಗೊತ್ತಿಲ್ಲದ ಊರಿನ ಮುದುಕಿಯರು.
ಯಾರಿಗೂ ಉಸಿರು ಹಿಡಿ ಅನ್ನುವಂತಿಲ್ಲ,
ತಾನೇ ಹಿಡಿಯಬೇಕು.

ಊರವರು ಕೊಟ್ಟಿದ್ದು ನಾನು ನೋಡಿದ್ದೇನೆ:
ಮೂರು ಗಡಿಯಾರ, ಶಾಲು, ಹಣ್ಣಿನ ಬುಟ್ಟಿ,
ಫೋಟೊ ತೆಗೆಯುವವಳಿಗೇ ಫೋಟೊ ಫ್ರೇಮು,
ಲೆನ್ಸಿನ ಹಾಗೇ ಕಾಣುವ ಒಂದು ಕಾಫಿ ಲೋಟ.
ನಸುಕಿನ ಕತ್ತಲಲ್ಲಿ ಒಮ್ಮೆ
ಅದನ್ನೇ ಕ್ಯಾಮೆರಾಕ್ಕೆ ಸಿಕ್ಕಿಸಲು ಹೋಗಿದ್ದಳಂತೆ!

ಮಂಗಳವಾರ ಬೀಗ ಹಾಕಿ ಕೋಲಾರಕ್ಕೆ ಹೋದೆ.
"ಯಾವ ಕಂಪನಿ ಅಣ್ಣ?" ಅಂದ ಕ್ಯಾಮೆರಾ ಅಂಗಡಿಯ ಹುಡುಗ.
"ಕಂಪನಿ ಇಲ್ಲಪ್ಪ, ಒಬ್ಬಳೇ ಹೋಗೋದು."
ನಕ್ಕು, ಒಂದೊಂದಾಗಿ ಗಾಜಿನ ಮೇಲಿಟ್ಟ.
ಮೂರು ಕಾಲಿನ ಸ್ಟ್ಯಾಂಡು:
ಬೆಲೆ ಕೇಳಿ ನನ್ನ ಎರಡು ಕಾಲೂ ನಡುಗಿದವು.
ಬೆನ್ನಿಗೆ ಹಾಕುವ ಚೀಲ: ತಿರುವಿ ಹೊಲಿಗೆ ನೋಡಿದೆ,
ಒಂಟಿ ಸಾಲು, ಅದೂ ಅಗ್ಗದ ನೂಲು,
ಕೈವಾರದ ಬಸ್ಸಿನ ಸೀಟಿಗೂ ನಾನು ಇಂಥದ್ದು ಹಾಕಲ್ಲ.
ಧೂಳು ಊದುವ ರಬ್ಬರ್ ಬುರುಡೆ ಪರವಾಗಿಲ್ಲ,
ನೂರಿಪ್ಪತ್ತು. ತಗೊಂಡೆ.

ವಾಪಸು ಬರುವಾಗ, ಬಸ್ಸು ಕುಲುಕಿದಾಗ, ನೆನಪಾಯಿತು.
ಹೋದ ವರ್ಷ ಹೇಳಿದ್ದಳು:
"ಜೀಪಿನ ಕಿಟಕಿ, ಬಂಡೆ, ಮುರಿದ ಗೋಡೆ,
ಸಿಕ್ಕ ಕಡೆ ಇಟ್ಟು ಕಾಯಬೇಕು ದಸ್ತಗೀರಣ್ಣ.
ಬಂಡೆ ಹಿಡಿಯಲ್ಲ, ಜಾರಿಸುತ್ತೆ.
ಒಂದು ದಿಂಬು ಇದ್ದಿದ್ದರೆ!"

ದಿಂಬು!
ಮೂವತ್ತೊಂದು ವರ್ಷದಿಂದ
ನಾನು ಮಾಡುತ್ತಿರುವುದು ಬೇರೆ ಏನು?
ಲಾರಿಯವನ ಸೊಂಟ, ಟ್ರ್ಯಾಕ್ಟರಿನ ಒದೆತ,
ಎಲ್ಲಾ ನನ್ನ ಸೂಜಿ ನುಂಗಿಕೊಂಡಿದೆ.

ರಾತ್ರಿಯೇ ಕೂತೆ. ಮೇಲಕ್ಕೆ ಕ್ಯಾನ್ವಾಸು,
ಅಡಿಗೆ ಜಾರದ ರೆಕ್ಸಿನ್,
ಕ್ಯಾಮೆರಾ ಕೂರಲು ನಡುವೆ ತಗ್ಗು,
ಮೂರು ಸಾಲು ಹೊಲಿಗೆ, ಬಾಯಿಗೆ ದಪ್ಪ ಜಿಪ್ಪು.
ತುಂಬುವುದೇನು?
ಸ್ಪಂಜು ಕುಣಿಯುತ್ತದೆ. ಹತ್ತಿ ಕುಸಿಯುತ್ತದೆ.
ಮರಳು ಭದ್ರ, ಆದರೆ
ಒಂದು ಹರಳು ಹೊರಬಂದರೂ ಲೆನ್ಸಿಗೆ ಯಮ.
"ಅವರೆ ಹಾಕಿ ನೋಡಿ," ಅಂದಳು ಜುಲೇಖಾ,
ಒಣಗಿದ್ದು, ಎರಡು ಸೇರು.
ಒತ್ತಿದ ಕಡೆ ಸರಿದು ಜಾಗ ಕೊಟ್ಟಿತು,
ಆಮೇಲೆ ಅಲುಗಲಿಲ್ಲ,
ಒಳ್ಳೆ ನೆಂಟನ ಹಾಗೆ.

ಆದರೆ ಎರಡು ಸೇರು ಹೊತ್ತುಕೊಂಡು
ರೈಲು, ಜೀಪು, ಗುಡ್ಡ?
ಮತ್ತೆ ಡಬ್ಬಿಗೆ ಸುರಿದೆ.

ಬಸ್ ಸ್ಟ್ಯಾಂಡಿನಲ್ಲಿ, ಟೊಮೆಟೊ ಕ್ರೇಟುಗಳ ನಡುವೆ,
ಮಡಚಿ ಕೈಗಿಟ್ಟೆ.
"ಖಾಲಿ ಇದೆಯಲ್ಲ ಅಣ್ಣ?"
"ಹೋದ ಊರಿನ ಕಾಳು ತುಂಬಿಕೋ.
ಊರು ಬಿಡುವಾಗ ಅಲ್ಲೇ ಸುರಿದು ಬಾ."

ನಲವತ್ತು ದಿನ ಸುದ್ದಿಯಿಲ್ಲ.
ಒಂದು ಮಧ್ಯಾಹ್ನ ಆಟೊ ಸೀಟು ಬಿಚ್ಚಿ ಕೂತಿದ್ದೆ, ಫೋನು.
"ಚಿತ್ರ ಬಂತಾ?" ಕೇಳಿದೆ.
"ಅದಿರಲಿ ಅಣ್ಣ, ದಾರಿ ಮುಚ್ಚಿ ಮೂರು ದಿನ.
ನಿಮ್ಮ ಚೀಲದ ಬಾರ್ಲಿ ಬೇಯಿಸಿ ಕುಡಿದ್ವಿ,
ನಾನು, ಜೀಪಿನವನು."
"ಈಗ ಏನು ತುಂಬಿದ್ದೀಯ?"
"ಸಾಕ್ಸು. ನನ್ನವು, ಅವನವು.
ಚಿತ್ರ ಒಂದೂ ಅಲುಗಿಲ್ಲ."
ಗಂಜಿಗೆ ಮಾತ್ರ ರೆಕ್ಸಿನ್ ವಾಸನೆ, ಅಂತ ನಕ್ಕಳು.

ನನಗೆ ನಗು ಬರಲಿಲ್ಲ.
ಅಳತೆ ಪುಸ್ತಕ ತೆಗೆದು
ಮಾರುತಿ ವ್ಯಾನಿನ ಲೆಕ್ಕದ ಕೆಳಗೆ ಬರೆದೆ:
ತಬಿತಾ. ಎರಡನೇ ಚೀಲ.
ಒಳಪದರ ಮಲ್ಲು ಬಟ್ಟೆ, ಬಣ್ಣ ಹಾಕದ್ದು,
ಎರಡು ಸಲ ಒಗೆದದ್ದು.
ಊಟಕ್ಕೆ ಬೇಕಾಗಬಹುದು.